42ರಲ್ಲಿ ಮುಟ್ಟು ಏರುಪೇರಾದರೆ ಕಾಯಬೇಡಿ

ವಯಸ್ಸು 42, ಮುಟ್ಟು ಒಮ್ಮೆ 24 ದಿನಕ್ಕೆ, ಒಮ್ಮೆ 40 ದಿನಕ್ಕೆ. ಮಗುವಿಗಾಗಿ ಇನ್ನೊಂದು ಆರು ತಿಂಗಳು ನೋಡೋಣವಾ ಅಂತ ಕೇಳಿದ್ದೀರಿ. ದಯವಿಟ್ಟು ಕಾಯಬೇಡಿ ಅಕ್ಕಾ. ಒಂದು ವರ್ಷ ಪ್ರಯತ್ನಿಸಿ ಅನ್ನುವ ಮಾತು 35 ದಾಟದವರಿಗೆ. 40 ಆದವರು ಮೊದಲೇ ಡಾಕ್ಟರ್ ಹತ್ತಿರ ಹೋಗುವುದು ಒಳ್ಳೆಯದು.

ಮುಟ್ಟು ಹಿಂದೆಮುಂದೆ ಆದರೆ ಅಂಡ ಬಿಡುಗಡೆಯೇ ಆಗುತ್ತಿಲ್ಲ ಅಂತಲ್ಲ, ಯಾವಾಗ ಅಂತ ಹೇಳುವುದು ಕಷ್ಟ ಅಷ್ಟೇ. 14ನೇ ದಿನ ಅಂಡ ಬಿಡುಗಡೆ ಅನ್ನುವ ಲೆಕ್ಕ ಬಿಟ್ಟುಬಿಡಿ. ಬಿಳಿ ಸ್ರಾವ ಹಸಿ ಮೊಟ್ಟೆಯ ಲೋಳೆಯ ಹಾಗೆ ತಿಳಿಯಾಗಿ, ಎರಡು ಬೆರಳ ನಡುವೆ ಎಳೆದರೆ ತುಂಡಾಗದೆ ಹಿಗ್ಗುತ್ತದೆಯಾ ನೋಡಿ. ಅವೇ ಸೇರಬೇಕಾದ ದಿನಗಳು. ಅಂಡ ಬಿಡುಗಡೆ ತಿಳಿಸುವ ಮೂತ್ರ ಪರೀಕ್ಷೆಯ ಕಿಟ್ ಒಂದನ್ನೇ ನಂಬಬೇಡಿ, ಈ ವಯಸ್ಸಲ್ಲಿ ಕೆಲವೊಮ್ಮೆ ಸುಮ್ನೆ ಪಾಸಿಟಿವ್ ತೋರಿಸುತ್ತದೆ.

ಮುಟ್ಟಿನ 2 ಅಥವಾ 3ನೇ ದಿನ ರಕ್ತದಲ್ಲಿ ಅಂಡ ಬೆಳೆಸುವ ಹಾರ್ಮೋನ್ ಆದ ಎಫ್‌ಎಸ್‌ಎಚ್ ನೋಡುತ್ತಾರೆ. ಜೊತೆಗೆ ಎಎಂಎಚ್ ಅನ್ನುವ ಇನ್ನೊಂದು ಹಾರ್ಮೋನ್, ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನ್), ಒಂದು ಸ್ಕ್ಯಾನ್. ಮುಟ್ಟಿನ ಏರುಪೇರು ಥೈರಾಯ್ಡ್ ತೊಂದರೆಯಿಂದ ಆಗಿದ್ದರೆ ಮಾತ್ರೆಯಲ್ಲೇ ಸರಿಹೋಗಬಹುದು. ಎಎಂಎಚ್ ಕಡಿಮೆ ಬಂದರೆ ಎದೆಗುಂದಬೇಡಿ; ಉಳಿದ ಅಂಡಗಳು ಎಷ್ಟು ಅನ್ನುವ ಅಂದಾಜು ಅದು, ಅವು ಹೇಗಿವೆ ಅಂತ ಹೇಳುವುದಿಲ್ಲ. ಯಜಮಾನರ ವೀರ್ಯ ಪರೀಕ್ಷೆಯೂ ಅದೇ ವಾರ ಆಗಲಿ. ಎಲ್ಲ ಪರೀಕ್ಷೆಯೂ ಹೆಂಗಸಿಗೇ ಯಾಕೆ, ಅಲ್ವಾ? ಫೋಲಿಕ್ ಆಸಿಡ್ ಬಗ್ಗೆ ಡಾಕ್ಟರನ್ನು ಕೇಳಿ ಈಗಿನಿಂದಲೇ ಶುರುಮಾಡಿ. ಮುಟ್ಟು ತಡವಾದಾಗಲೆಲ್ಲ ವಯಸ್ಸಿನ ಕಾರಣ ಅಂದುಕೊಳ್ಳದೆ ಮೊದಲು ಪ್ರೆಗ್ನೆನ್ಸಿ ಟೆಸ್ಟ್ ಮಾಡಿ ನೋಡಿ.