ಗಾಯ ಚಿಕ್ಕದು, ಆರು ವಾರ ಮಾತ್ರ ಬೇಕೇ ಬೇಕು

ಪ್ರಶ್ನೆ: ನನ್ನ ಗಂಡನಿಗೆ 42 ವರ್ಷ, ಅಡಿಕೆ ತೋಟದ ಕೆಲಸ. ಸೊಂಟದ ಕೊನೆಯ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಜಾರಿ ಎಡಗಾಲು ಸೆಳೆಯುತ್ತಿತ್ತು. ಹುಬ್ಬಳ್ಳಿಯಲ್ಲಿ ಕೀಹೋಲ್ (ಚಿಕ್ಕ ಗಾಯದ) ಆಪರೇಷನ್ ಆಗಿ ಹತ್ತು ದಿನವಾಯಿತು. ಸೆಳೆತ ಪೂರ್ತಿ ಹೋಗಿದೆ, ಕಾಲಿನ ಕಿರುಬೆರಳು ಮಾತ್ರ ಇನ್ನೂ ಜೋಮು. ಮೂರು ತಿಂಗಳು ಮಲಗಿಯೇ ಇರಬೇಕು ಎನ್ನುತ್ತಾರೆ ಅತ್ತೆ. ಇವರಿಗೆ ಈಗಲೇ ತೋಟಕ್ಕೆ ಹೋಗುವ ಆತುರ. ಯಾರ ಮಾತು ಕೇಳಲಿ?
– ಓದುಗರೊಬ್ಬರು, ಶಿರಸಿ

ಉತ್ತರ: ಇಬ್ಬರದ್ದೂ ಬೇಡ. ಬೆನ್ನಿನ ಆಪರೇಷನ್ ವಾರ್ಡಿನಲ್ಲಿ ನಾನು 20 ವರ್ಷದಿಂದ ನರ್ಸ್. ಅದೇ ದಿನ ಸಂಜೆಯೋ ಮರುದಿನ ಬೆಳಿಗ್ಗೆಯೋ ಪೇಶೆಂಟನ್ನು ಎಬ್ಬಿಸಿ ನಡೆಸುತ್ತೇವೆ. ಸುಮ್ನೆ ಮಲಗಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಬೆನ್ನಿನ ಸ್ನಾಯು ಸೊರಗುತ್ತದೆ. ಅಂಗಳದಲ್ಲಿ ಹತ್ತು ಹತ್ತು ನಿಮಿಷದಂತೆ ದಿನಕ್ಕೆ ನಾಲ್ಕೈದು ಸಲ ನಡೆಯಲಿ. ನಿಧಾನಕ್ಕೆ ಜಾಸ್ತಿ ಮಾಡಲಿ.

ನನಗೆ ಹೆದರಿಕೆ ಅವರ ಆತುರದ್ದೇ. ಹೊರಗಿನ ಗಾಯ ಒಂದೆರಡು ಸೆಂಟಿಮೀಟರ್ ಇರಬಹುದು. ಒಳಗೆ ಡಿಸ್ಕಿನ ಹೊರಪದರದಲ್ಲಿ ಆದ ತೂತು ಗಟ್ಟಿಯಾಗಲು ವಾರಗಟ್ಟಲೆ ಬೇಕು. ನನ್ನ ತಮ್ಮನಿಗೂ ಇದೇ ಆಪರೇಷನ್ ಆಗಿತ್ತು. ನೋವಿಲ್ಲವಲ್ಲ ಎಂದು 18ನೇ ದಿನ ತುಂಬಿದ ಕೊಡ ಎತ್ತಲು ಬಗ್ಗಿದ. ಒಳಗೆ ಉಳಿದಿದ್ದ ಡಿಸ್ಕ್ ಚೂರು ಹೊರಬಂತು, ಮತ್ತೆ ಆಪರೇಷನ್ ಆಯಿತು. ಅವನಿಗೆ ಕೂರಿಸಿಕೊಂಡು ಹೇಳಬೇಕಿತ್ತು ಎಂದು ಈಗಲೂ ಸಂಕಟವಾಗುತ್ತದೆ.

ಹಾಗಾಗಿ ಆರು ವಾರ ಬಗ್ಗುವುದು, ಭಾರ ಎತ್ತುವುದು, ಸೊಂಟ ತಿರುಚುವುದು ಬೇಡ. ಬಿದ್ದ ಅಡಿಕೆ ಹೆಕ್ಕುವುದು, ಮೆಟ್ಟುಗತ್ತಿಯ ಮೇಲೆ ಗಂಟೆಗಟ್ಟಲೆ ಕೂತು ಸುಲಿಯುವುದು ಎರಡೂ ಬೇಡ. ಬಗ್ಗಿ ಕೂತಾಗ ಡಿಸ್ಕಿನ ಮೇಲೆ ನಿಂತಾಗಿಗಿಂತ ಜಾಸ್ತಿ ಒತ್ತಡ ಬೀಳುತ್ತದೆ. ಕೂರುವುದಾದರೆ ಕುರ್ಚಿಯಲ್ಲಿ, ಅರ್ಧ ಗಂಟೆ ಸಾಕು. ಕಕ್ಕಸಿಗೆ ಕಮೋಡ್ ಕುರ್ಚಿ ತರಿಸಿ. ಅಲ್ಲಿ ತಿಣುಕುವಂತಾಗಬಾರದು, ನೀರು, ಸೊಪ್ಪು, ಹಣ್ಣು ಚೆನ್ನಾಗಿ ಕೊಡಿ. ಬೈಕ್ ಯಾವಾಗ ಎಂದು ಸರ್ಜನ್ ಹೇಳಲಿ.

ಏಳುವ ರೀತಿ ನೀವೇ ಪಕ್ಕದಲ್ಲಿ ನಿಂತು ಕಲಿಸಿ. ಮೊದಲು ಎರಡೂ ಮಂಡಿ ಮಡಚಬೇಕು. ಭುಜ, ಸೊಂಟ, ಮಂಡಿ ಮರದ ದಿಮ್ಮಿ ಹೊರಳಿದಂತೆ ಒಟ್ಟಿಗೆ ಪಕ್ಕಕ್ಕೆ ಹೊರಳಬೇಕು. ಆಮೇಲೆ ಕಾಲು ಕೆಳಗಿಳಿಸುತ್ತಾ ಮೇಲಿನ ಕೈಯಿಂದ ಹಾಸಿಗೆ ಒತ್ತಿ ಏಳಬೇಕು. ಕೈ ಹಿಡಿದು ಎಳೆಯಬೇಡಿ, ಪ್ರೀತಿಯಿಂದ ಎಲ್ಲರೂ ಮಾಡುವ ತಪ್ಪು ಅದೇ.

ಜೋಮಿಗೆ ಗಾಬರಿ ಬೇಡ. ನರ ಅಷ್ಟು ದಿನ ಒತ್ತಿಕೊಂಡಿತ್ತು, ಅಲ್ವಾ? ಸಾಮಾನ್ಯವಾಗಿ ಮೊದಲು ಸೆಳೆತ ಹೋಗುತ್ತದೆ, ಜೋಮು ಕೊನೆಗೆ. ತಿಂಗಳುಗಳೇ ಹಿಡಿಯಬಹುದು, ಕೆಲವರಿಗೆ ಸ್ವಲ್ಪ ಉಳಿದೇ ಬಿಡುತ್ತದೆ. ಆದರೆ ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ, ಕಾಲಿನ ಶಕ್ತಿ ಕಡಿಮೆಯಾದರೆ ಬೆಳಗಾಗಲಿ ಎಂದು ಕಾಯಬೇಡಿ, ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ. ಜ್ವರ ಬಂದರೆ, ಗಾಯದಿಂದ ಕೀವೋ ತಿಳಿನೀರೋ ಸೋರಿದರೆ, ಎದ್ದು ಕೂತಾಗ ತಲೆ ಸಿಡಿದರೆ ಅವತ್ತೇ ಸರ್ಜನ್‌ಗೆ ತಿಳಿಸಿ.

ಹೊಲಿಗೆ ಬಿಚ್ಚಿಸುವ ದಿನ ಹತ್ತಿರ ಬಂದಿರಬೇಕು. ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್. ಕಾರಿನ ಮುಂದಿನ ಸೀಟು ಸ್ವಲ್ಪ ಹಿಂದಕ್ಕೆ ಬಾಗಿಸಿ ಕೂರಿಸಿ. ಅರ್ಧ ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಸಿ.