ಕೈಗೂಸು ಮತ್ತು ಕೊನೆಯಿಲ್ಲದ ಕ್ಯೂ

ಪ್ರಶ್ನೆ: ಡಾಕ್ಟ್ರೇ, ನಮ್ಮ ದೊಡ್ಡ ಮಗಳಿಗೆ ಏಳು ವರ್ಷ, ಚಿಕ್ಕವನಿಗೆ ಈಗ ಐದು ತಿಂಗಳು. ಪರೀಕ್ಷೆ ಮುಗಿದ ಮೇಲೆ ಥೀಮ್ ಪಾರ್ಕಿಗೆ ಕರೆದುಕೊಂಡು ಹೋಗುತ್ತೇವೆ ಅಂತ, ತಮ್ಮ ಹುಟ್ಟುವ ಮೊದಲೇ ಅವಳಿಗೆ ಮಾತು ಕೊಟ್ಟಿದ್ದೆವು. ಪಾರ್ಕಿನ ಹತ್ತಿರವೇ ಮೂರು ದಿನ ಉಳಿಯುವ ಯೋಚನೆ. ಅತ್ತೆಯವರು "ಇಷ್ಟು ಎಳೆ ಕೂಸನ್ನ ಆ ಜನಜಂಗುಳಿಗೆ ಯಾರಾದ್ರೂ ಕರ್ಕೊಂಡು ಹೋಗ್ತಾರಾ" ಎನ್ನುತ್ತಾರೆ. ನಮ್ಮ ಯಜಮಾನರು "ಏನೂ ಆಗಲ್ಲ ಬಿಡು" ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಅತ್ತೆಗೂ ಗಂಡನಿಗೂ ನಡುವೆ ನಿಂತು ತೀರ್ಪು ಹೇಳುವ ಧೈರ್ಯ ನನಗಿಲ್ಲಮ್ಮ. ಆದರೆ ಮಗುವಿನ ಪರವಾಗಿ ಒಂದು ಮಾತು ಹೇಳಬಲ್ಲೆ. ತಿಂಗಳು ತುಂಬಿ ಹುಟ್ಟಿದ, ತೂಕ ಸರಿಯಾಗಿ ಏರುತ್ತಿರುವ, ಕತ್ತು ನಿಂತಿರುವ, ಲಸಿಕೆಗಳನ್ನು ಹೊತ್ತಿಗೆ ಸರಿಯಾಗಿ ಹಾಕಿಸಿಕೊಂಡ ಐದು ತಿಂಗಳ ಕೂಸು ಪಾರ್ಕಿಗೆ ಹೋಗಬಹುದು. ಹೋಗಿ. ಆದರೆ ಈ ಪ್ರವಾಸ ಅವನಿಗಾಗಿ ಅಲ್ಲ ಎನ್ನುವುದನ್ನು ಮೊದಲೇ ಮನಸ್ಸಿಗೆ ಹೇಳಿಕೊಳ್ಳಿ. ಬಣ್ಣದ ದೀಪ, ಮೆರವಣಿಗೆ, ಕುಣಿತ ಯಾವುದೂ ಅವನಿಗೆ ಬೇಕಿಲ್ಲ. ಅವನಿಗೆ ಬೇಕಾದ್ದು ಹಾಲು, ನಿದ್ದೆ, ನಿಮ್ಮ ಮುಖ. ಆದ್ದರಿಂದ ಪಾರ್ಕು ಮಗಳದ್ದು, ಗಡಿಯಾರ ಮಗನದ್ದು ಎಂದು ಒಪ್ಪಂದ ಮಾಡಿಕೊಂಡು ಹೊರಡಿ. ನಾನು ನೋಡಿದ ಮಟ್ಟಿಗೆ ಇಂಥ ಪ್ರವಾಸಗಳು ಕೆಡುವುದು ಗಡಿಯಾರವೂ ದೊಡ್ಡವರದ್ದಾದಾಗ. "ಟಿಕೆಟ್ ತಗೊಂಡಿದ್ದೀವಿ, ರಾತ್ರಿವರೆಗೂ ಇರೋಣ" ಎಂಬ ಲೆಕ್ಕಾಚಾರಕ್ಕೆ ಸಂಜೆ ಐದರ ಹೊತ್ತಿಗೆ ಮಕ್ಕಳಿಬ್ಬರೂ ಅಳುತ್ತಿರುತ್ತಾರೆ, ದೊಡ್ಡವರು ಜಗಳವಾಡುತ್ತಿರುತ್ತಾರೆ.

ಅತ್ತೆಯವರ ಮಾತಿನಲ್ಲೂ ಹುರುಳಿದೆ. ಮಗುವಿಗೆ ಎರಡೋ ಎರಡೂವರೆಯೋ ತಿಂಗಳಾಗಿದ್ದರೆ ನಾನೂ ಬೇಡ ಎನ್ನುತ್ತಿದ್ದೆ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದರೆ ಅದು ಮನೆಯಲ್ಲಿ ಕಾಯುವ ಜ್ವರವಲ್ಲ, ಆಗಲೇ ಆಸ್ಪತ್ರೆಗೆ ಒಯ್ಯಬೇಕಾದ ಜ್ವರ. ಸಾವಿರಾರು ಜನರ ಉಸಿರು, ಕೆಮ್ಮು ಸೇರುವ ಜಾಗಕ್ಕೆ ಆ ವಯಸ್ಸಿನವರನ್ನು ಬೇಕೆಂದೇ ಒಯ್ಯುವುದು ತರವಲ್ಲ. ಐದು ತಿಂಗಳಿಗೆ ಆ ಭಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ದಡಾರದ ಲಸಿಕೆಯನ್ನು ಸಾಮಾನ್ಯವಾಗಿ ಒಂಬತ್ತು ತಿಂಗಳಿಗೋ ಒಂದು ವರ್ಷಕ್ಕೋ ಕೊಡುತ್ತಾರೆ, ಹಾಗಾಗಿ ನಿಮ್ಮ ಮಗನಿಗೆ ಅದರ ರಕ್ಷಣೆ ಇನ್ನೂ ಸಿಕ್ಕಿರುವುದಿಲ್ಲ. ದಡಾರ ಇರುವವರು ಒಂದು ಕೋಣೆಯಿಂದ ಎದ್ದು ಹೋದ ಮೇಲೂ ಎರಡು ಗಂಟೆಯವರೆಗೆ ವೈರಸ್ ಅಲ್ಲಿನ ಗಾಳಿಯಲ್ಲಿ ಉಳಿಯಬಲ್ಲದು. 2014ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ಗೆ ಬಂದವರಿಂದ ಶುರುವಾದ ದಡಾರ ಆ ರಾಜ್ಯದಲ್ಲೇ ನೂರಕ್ಕೂ ಹೆಚ್ಚು ಜನರಿಗೆ ತಗುಲಿತು. ಅವರಲ್ಲಿ ಹನ್ನೆರಡು ಮಂದಿ ಲಸಿಕೆಯ ವಯಸ್ಸೇ ಆಗದ ಕೂಸುಗಳು. ಇದನ್ನು ಹೆದರಿಸಲಿಕ್ಕೆ ಹೇಳುತ್ತಿಲ್ಲ. ನೀವು ಹೋಗುವ ಊರಿನಲ್ಲಿ ದಡಾರ ಹರಡುತ್ತಿರುವ ಸುದ್ದಿ ಇದ್ದರೆ ಪ್ರವಾಸ ಮುಂದೂಡಿ. ಇಲ್ಲವಾದರೆ ಮಗಳಿಗೂ ನಿಮಗೂ ಹಾಕಿಸಬೇಕಾದ ಲಸಿಕೆಗಳೆಲ್ಲ ಆಗಿವೆಯೇ ಎಂದು ನೋಡಿಕೊಂಡು, ಮುಚ್ಚಿದ ಸಭಾಂಗಣದ ಪ್ರದರ್ಶನಗಳಿಗಿಂತ ಬಯಲಿನ ಜಾಗಗಳನ್ನೇ ಆರಿಸಿಕೊಳ್ಳಿ. ಅಪರಿಚಿತರು ಕೂಸಿನ ಕೆನ್ನೆ ಮುಟ್ಟಲು ಬಂದರೆ "ಈಗ ತಾನೇ ಮಲಗಿದ್ದಾನೆ" ಅನ್ನಿ. ಸುಳ್ಳಾದರೂ ತಪ್ಪಿಲ್ಲ.

ಈಗ ಗಡಿಯಾರದ ವಿಷಯ. ಈ ವಯಸ್ಸಿನಲ್ಲಿ ದಿನಕ್ಕೆ 12ರಿಂದ 16 ಗಂಟೆ ನಿದ್ದೆ ಬೇಕು, ಅದರಲ್ಲಿ ಒಂದು ಪಾಲು ಹಗಲಿನದ್ದು. ಬಾಗಿಲು ತೆರೆಯುವ ಹೊತ್ತಿಗೇ ಒಳಗೆ ಹೋಗಿ. ಮೊದಲ ಎರಡು ಮೂರು ಗಂಟೆಯಲ್ಲಿ ಕ್ಯೂ ಚಿಕ್ಕದು, ಬಿಸಿಲು ಕಡಿಮೆ, ಕೂಸಿನ ಮನಸ್ಸೂ ಹಗುರ. ಮಗಳು ತುಂಬಾ ಆಸೆಪಟ್ಟ ರೈಡ್‌ಗಳೆಲ್ಲ ಆ ಹೊತ್ತಿನಲ್ಲೇ ಮುಗಿಯಲಿ. ಮಧ್ಯಾಹ್ನ ಕೋಣೆಗೆ ವಾಪಸ್ ಬಂದು ಎಲ್ಲರೂ ಮಲಗಿ. ಬಿಸಿಲಿಳಿದ ಮೇಲೆ ಮನಸ್ಸಿದ್ದರೆ ಮತ್ತೆ ಹೋಗಿ. ಮೂರು ದಿನ ಉಳಿಯುತ್ತೀರಿ ಅಂದಿರಲ್ಲ, ಅದರಲ್ಲಿ ನಡುವಿನ ದಿನ ಪಾರ್ಕೇ ಬೇಡ. ಪಾರ್ಕಿನ ಹತ್ತಿರ ಉಳಿಯುವ ನಿಮ್ಮ ತೀರ್ಮಾನ ಈ ಯೋಜನೆಯಲ್ಲೇ ಅತಿ ಜಾಣ ತೀರ್ಮಾನ. ಕೋಣೆಗೆ ಹೋಗಿಬರಲು ಒಂದು ಗಂಟೆ ಹಿಡಿಯುವುದಾದರೆ ಯಾರೂ ಮಧ್ಯಾಹ್ನ ವಾಪಸ್ ಬರುವುದಿಲ್ಲ.

ಬಿಸಿಲಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಅಪ್ಪ ಅಮ್ಮ ಎಡವುವುದು ಇಲ್ಲೇ. ಕೂಸಿನ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ದೊಡ್ಡದು, ಬೆವರಿ ಮೈ ತಂಪಾಗಿಸಿಕೊಳ್ಳುವ ಶಕ್ತಿ ಇನ್ನೂ ಎಳೆಯದು. ಹೊರಗಿನ ಬಿಸಿ ಬೇಗ ಒಳಗೆ ಹೋಗುತ್ತದೆ, ನಿಧಾನಕ್ಕೆ ಹೊರಬರುತ್ತದೆ. ತಳ್ಳುಗಾಡಿಯ ಮೇಲೆ ಬಿಸಿಲು ಬೀಳದಿರಲಿ ಎಂದು ಟವೆಲ್ಲೋ ಶಾಲೋ ಹೊದಿಸುವವರನ್ನು ನೀವು ನೋಡಿರಬಹುದು. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಒಳಗೆ ಗಾಳಿಯಾಡದೆ ಗಾಡಿ ಹಬೆಯ ಡಬ್ಬಿಯಂತಾಗುತ್ತದೆ. ಅದರ ಮೇಲೆ ಮಗುವಿನ ಮುಖವೂ ಕಾಣುವುದಿಲ್ಲ. ಗಾಡಿಯದೇ ಚಾವಣಿ ಎಳೆಯಿರಿ, ಬದಿಗಳು ತೆರೆದಿರಲಿ, ನೆರಳು ಹುಡುಕಿ ನಿಲ್ಲಿ. ಆರು ತಿಂಗಳೊಳಗೆ ಸನ್‌ಸ್ಕ್ರೀನ್‌ಗಿಂತ ನೆರಳು, ತೆಳುವಾದ ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿಯೇ ಮೇಲು. ಬಿಸಿಯಾಗಿದೆಯೇ ಎಂದು ನೋಡಲು ಅಂಗೈ ಮುಟ್ಟಬೇಡಿ, ಹಿಂಗತ್ತು ಮುಟ್ಟಿ.

ಬಾಯಾರಿದ್ದಾನೆ ಎಂದು ನೀರು ಕುಡಿಸಲೂ ಬೇಡಿ. ಆರು ತಿಂಗಳೊಳಗಿನ ಕೂಸಿಗೆ ನೀರು ಬೇಕಿಲ್ಲ. ಹೆಚ್ಚು ನೀರು ಹೋದರೆ ರಕ್ತದ ಸೋಡಿಯಂ ಇಳಿದು ಫಿಟ್ಸ್ ಬರುವ ಅಪಾಯವೂ ಇದೆ. ಸೆಕೆಗೆ ಮದ್ದು ಹಾಲೇ, ಎಂದಿಗಿಂತ ಹೆಚ್ಚು ಸಲ ಕೊಡಿ. ನೀರು ನೀವು ಕುಡಿಯಿರಿ. ಹಿಂಡಿದ ಎದೆಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ ನಾಲ್ಕು ಗಂಟೆ ನಿಲ್ಲುತ್ತದೆ. ಐಸ್ ಪ್ಯಾಕ್ ಇಟ್ಟ ಕೂಲರ್ ಚೀಲದಲ್ಲಿ ಒಂದು ದಿನ ಇಡಬಹುದು. ಹೊರಗಿನ ಬಿಸಿಲಿಗೆ ನಾಲ್ಕು ಗಂಟೆಯ ಲೆಕ್ಕ ಹಿಡಿಯಬೇಡಿ. ಪುಡಿ ಹಾಲಾದರೆ ಪುಡಿಯನ್ನು ಅಳೆದು ಒಣ ಡಬ್ಬಿಗಳಲ್ಲಿ, ಕುದಿಸಿದ ಬಿಸಿನೀರನ್ನು ಫ್ಲಾಸ್ಕಿನಲ್ಲಿ ಒಯ್ದು ಕುಡಿಸುವ ಹೊತ್ತಿಗೇ ಕಲಸಿ, ಆರಿಸಿ ಕೊಡಿ. ಕುಡಿದು ಉಳಿದಿದ್ದನ್ನು ಚೆಲ್ಲಿಬಿಡಿ, ಇನ್ನೊಂದು ಹೊತ್ತಿಗೆ ಎತ್ತಿಡಬೇಡಿ. ಹಲವು ಪಾರ್ಕ್‌ಗಳಲ್ಲಿ ಮಗುವಿಗೆ ಹಾಲೂಡಿಸಲು, ಡಯಾಪರ್ ಬದಲಿಸಲು ಬೇರೆ ಕೋಣೆ ಇರುತ್ತದೆ. ಒಳಗೆ ಕಾಲಿಟ್ಟ ಕೂಡಲೇ ನಕ್ಷೆಯಲ್ಲಿ ಮೊದಲು ಹುಡುಕಬೇಕಾದ್ದು ಅದನ್ನೇ, ರೋಲರ್ ಕೋಸ್ಟರನ್ನಲ್ಲ.

ಇನ್ನೊಂದು ಉಪಾಯವಿದೆ, ಬಹಳ ಜನರಿಗೆ ಗೊತ್ತಿಲ್ಲ. ಕೂಸು ಇರುವ ಕುಟುಂಬಗಳಿಗೆ ದೊಡ್ಡ ಪಾರ್ಕ್‌ಗಳಲ್ಲಿ ಅದಲು ಬದಲಿನ ಸೌಲಭ್ಯ ಇರುತ್ತದೆ. ಡಿಸ್ನಿಯವರು ರೈಡರ್ ಸ್ವಿಚ್ ಎನ್ನುತ್ತಾರೆ, ಯೂನಿವರ್ಸಲ್‌ನವರು ಚೈಲ್ಡ್ ಸ್ವಾಪ್ ಎನ್ನುತ್ತಾರೆ. ಒಬ್ಬರು ರೈಡ್‌ಗೆ ಹೋದಾಗ ಇನ್ನೊಬ್ಬರು ಕೂಸಿನೊಂದಿಗೆ ಕಾಯುತ್ತಾರೆ, ಆಮೇಲೆ ಕಾದವರು ಮೊದಲಿಂದ ಇಡೀ ಕ್ಯೂ ನಿಲ್ಲದೆ ಒಳಗೆ ಹೋಗುತ್ತಾರೆ. ಮಗಳಿಗಂತೂ ಹಬ್ಬ, ಹಲವು ಕಡೆ ಅಪ್ಪನೊಂದಿಗೆ ಒಮ್ಮೆ, ಅಮ್ಮನೊಂದಿಗೆ ಒಮ್ಮೆ ಎರಡು ಸಲ ಹೋಗಲು ಬಿಡುತ್ತಾರೆ. ಪ್ರತಿ ರೈಡಿನ ಬಾಗಿಲಲ್ಲಿ ಸಿಬ್ಬಂದಿಯನ್ನು ಕೇಳಿ, ಸಂಕೋಚ ಬೇಡ. ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋದರೆ ಮೂರನೆಯ ಜೋಡಿ ಕೈ ಸಿಕ್ಕಂತಾಯಿತು. ಬೇಡ ಎಂದವರಿಗೇ ಮೊಮ್ಮಗನ ಜವಾಬ್ದಾರಿ ಕೊಟ್ಟು ನೋಡಿ.

ಒಂದು ಎಚ್ಚರಿಕೆ. ಆರು ಗಂಟೆಯಿಂದ ಡಯಾಪರ್ ಒದ್ದೆಯಾಗಿಲ್ಲ, ನೆತ್ತಿ ಗುಳಿ ಬಿದ್ದಿದೆ, ಅತ್ತರೆ ಕಣ್ಣೀರಿಲ್ಲ, ಹಾಲು ಬೇಡ ಎನ್ನುತ್ತಾನೆ, ಎಬ್ಬಿಸಿದರೂ ಸರಿಯಾಗಿ ಏಳುತ್ತಿಲ್ಲ. ಇವುಗಳಲ್ಲಿ ಯಾವುದು ಕಂಡರೂ ಕೋಣೆಗಲ್ಲ, ಪಾರ್ಕಿನ ಪ್ರಥಮ ಚಿಕಿತ್ಸಾ ಕೇಂದ್ರಕ್ಕೆ, ಅಲ್ಲಿಂದ ವೈದ್ಯರ ಬಳಿಗೆ ಹೋಗಿ. ರಚ್ಚೆ ಹಿಡಿದು ಜೋರಾಗಿ ಅಳುವ ಕೂಸಿಗಿಂತ ಸದ್ದಿಲ್ಲದೆ ಬಾಡಿದ ಕೂಸಿನ ಬಗ್ಗೆಯೇ ನನಗೆ ಹೆಚ್ಚು ಚಿಂತೆ.

ಪ್ರಶ್ನೆ: ನನ್ನ ಹತ್ತು ತಿಂಗಳ ಮಗಳು ಪಾರ್ಕಿನಲ್ಲಿ ಕರಡಿಯ ವೇಷ ಹಾಕಿದವರನ್ನು ನೋಡಿ ಉಸಿರು ಕಟ್ಟುವಂತೆ ಅತ್ತಳು. ಫೋಟೊಗಾಗಿ ನಾವೇ ಹತ್ತಿರ ಕರೆದೊಯ್ದಿದ್ದೆವು. ಅವಳ ಮನಸ್ಸಿಗೆ ಪೆಟ್ಟಾಗಿರಬಹುದೇ? ನೆನಪಿನಲ್ಲಿ ಉಳಿಯುತ್ತದೆಯೇ?

ಉತ್ತರ: ಉಳಿಯುವುದಿಲ್ಲ. ದೊಡ್ಡವರಾದ ಮೇಲೆ ನಮಗೆ ಸಿಗುವ ಅತಿ ಹಳೆಯ ನೆನಪುಗಳು ಹೆಚ್ಚಾಗಿ ಮೂರು, ಮೂರೂವರೆ ವರ್ಷದವು. ಈ ಕರಡಿ ನಿಮ್ಮ ಫೋಟೊದಲ್ಲಿ ಮಾತ್ರ ಉಳಿಯುತ್ತದೆ.

ಹಾಗಂತ ಆ ಅಳು ಸುಮ್ಮನೆ ಬಂದದ್ದಲ್ಲ. ಆರೆಂಟು ತಿಂಗಳಿಗೆ ಮಗು ಗುರುತಿನ ಮುಖ, ಗುರುತಿಲ್ಲದ ಮುಖ ಎಂದು ವಿಂಗಡಿಸಲು ಕಲಿಯುತ್ತದೆ, ಒಂದು ವರ್ಷದ ಆಸುಪಾಸಿನಲ್ಲಿ ಈ ಹೆದರಿಕೆ ಜೋರಾಗಿರುತ್ತದೆ. ಅಂಥ ಹೊತ್ತಿನಲ್ಲಿ ಎದುರಿಗೆ ನಿಂತದ್ದು ರೆಪ್ಪೆ ಬಡಿಯದ ಕಣ್ಣಿನ, ತುಟಿ ಅಲುಗದ, ಅಪ್ಪನಿಗಿಂತ ಎತ್ತರದ ತಲೆ. ಅವಳು ಅಳದೇ ಇದ್ದರೆ ಆಶ್ಚರ್ಯವಾಗುತ್ತಿತ್ತು. ನಾಲ್ಕು ತಿಂಗಳ ಕೂಸಾಗಿದ್ದರೆ ಅದೇ ಕರಡಿಯನ್ನು ನೋಡಿ ನಕ್ಕುಬಿಡುತ್ತಿತ್ತೋ ಏನೋ. ಮುಂದಿನ ಸಲ ದೂರದಿಂದ ತೋರಿಸಿ, ನೀವೇ ಕೈ ಬೀಸಿ. ಅವಳು ನಿಮ್ಮ ಮುಖ ನೋಡುತ್ತಾಳೆ, ನಿಮ್ಮ ಮುಖದಲ್ಲಿ ಹೆದರಿಕೆ ಇಲ್ಲದಿದ್ದರೆ ಅರ್ಧ ಧೈರ್ಯ ಬರುತ್ತದೆ. ಆಗಲೂ ಕತ್ತು ತಿರುಗಿಸಿ ನಿಮ್ಮ ಹೆಗಲಿಗೆ ಅಂಟಿಕೊಂಡರೆ ಅಲ್ಲಿಗೆ ಬಿಡಿ, ಫೋಟೊ ಬೇಡ.

ನೀವು ಕೇಳದಿದ್ದರೂ ಹೇಳುತ್ತೇನೆ. ಕರಡಿಗಿಂತ ನನಗೆ ಹೆಚ್ಚು ಚಿಂತೆ ಸದ್ದಿನದು. ಧ್ವನಿವರ್ಧಕದ ಕಂಬದ ಪಕ್ಕ ಕೂರಬೇಡಿ. ರಾತ್ರಿ ಪಟಾಕಿ ಪ್ರದರ್ಶನ ನೋಡುವುದಾದರೆ ಆದಷ್ಟು ದೂರ ನಿಂತು, ತಲೆಗೆ ಕಟ್ಟುವ ಮಕ್ಕಳ ಇಯರ್‌ಮಫ್ ಹಾಕಿ. ಕಿವಿಗೆ ಹತ್ತಿ ತುರುಕಬೇಡಿ, ಅದು ಸದ್ದನ್ನೂ ಸರಿಯಾಗಿ ತಡೆಯುವುದಿಲ್ಲ, ಕೈಗೆ ಸಿಕ್ಕಿದರೆ ಬಾಯಿಗೆ ಹೋಗುತ್ತದೆ.

ಪ್ರಶ್ನೆ: ಎಂಟು ತಿಂಗಳ ಮಗನನ್ನು ಎದೆಗೆ ಕಟ್ಟಿಕೊಳ್ಳುವ ಬೇಬಿ ಕ್ಯಾರಿಯರ್‌ನಲ್ಲಿ ಇಟ್ಟುಕೊಂಡು ಚಿಕ್ಕ ರೈಡ್‌ಗಳಿಗೆ ಹೋಗಬಹುದೇ? ಅಲೆಗಳ ಕೊಳಕ್ಕೆ ಇಳಿಸಬಹುದೇ? ನನ್ನ ಕೈಯಲ್ಲೇ ಇರುತ್ತಾನಲ್ಲ ಎಂದು ನನ್ನ ವಾದ, ಹೆಂಡತಿಯದು ಬೇಡ ಎಂಬ ವಾದ.

ಉತ್ತರ: ಈ ಸಲ ತೀರ್ಪು ಹೇಳುವುದು ಸುಲಭ. ಗೆದ್ದವರು ನಿಮ್ಮ ಮನೆಯವರು.

ಹುಟ್ಟಿದಾಗ ಮಗುವಿನ ಉದ್ದದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪಾಲು ತಲೆಯೇ, ದೊಡ್ಡವರಲ್ಲಿ ಅದು ಎಂಟರಲ್ಲೊಂದು. ಎಂಟು ತಿಂಗಳಿಗೂ ತಲೆ ಭಾರ, ಅದನ್ನು ಹೊರುವ ಕತ್ತಿನ ಸ್ನಾಯು ಎಳಸು. ನಿಮಗೆ "ಸಣ್ಣ ಕುಲುಕು" ಅನಿಸಿದ್ದು ಅವನ ಕತ್ತಿಗೆ ಸಣ್ಣದಲ್ಲ. ಕ್ಯಾರಿಯರ್ ಇರುವುದು ನಡೆಯುವಾಗ ಮಗುವನ್ನು ಹೊರಲು. ಗಾಡಿ ಗಕ್ಕನೆ ನಿಂತರೆ, ತಿರುಗಿದರೆ ಮಗುವನ್ನು ಹಿಡಿದಿಡಲು ಅದನ್ನು ಮಾಡಿಲ್ಲ. ಸುರಕ್ಷತಾ ಸರಳು ನಿಮ್ಮ ಮೈಗೆ ಸರಿಯಾಗಿ ಕೂರಬೇಕಾದ ಜಾಗದಲ್ಲಿ ಕೂಸು ಸಿಕ್ಕಿಕೊಂಡಿರುತ್ತದೆ. ಹೆಚ್ಚಿನ ರೈಡ್‌ಗಳಲ್ಲಿ ಕ್ಯಾರಿಯರ್ ಹಾಕಿಕೊಂಡವರನ್ನು ಹತ್ತಲು ಬಿಡದಿರುವುದು ಇದಕ್ಕೇ. ಮೆಲ್ಲಗೆ ಸಾಗುವ ಪುಟಾಣಿ ರೈಲು, ನಿಧಾನದ ದೋಣಿ, ತಿರುಗುವ ಕುದುರೆಗಳ ನಡುವೆ ಇರುವ ನಿಶ್ಚಲ ಬೆಂಚು, ಇಷ್ಟು ಸಾಕು. ಎತ್ತರದ ಮಿತಿ ಇಲ್ಲ ಎಂದು ಬರೆದಿದ್ದರೂ "ಕೈಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳಬಹುದೇ" ಎಂದು ಕೇಳಿಯೇ ಹತ್ತಿ. ಎರಡೂ ಒಂದೇ ಅಲ್ಲ.

ಅಲೆಗಳ ಕೊಳ ಬೇಡವೇ ಬೇಡ. ಒದ್ದೆ ಮೈಯ ಮಗು ಜಾರುತ್ತದೆ, ಅಲೆ ಬಂದಾಗ ನೀವೂ ಜಾರುತ್ತೀರಿ. ಪಾದ ಮುಳುಗುವಷ್ಟು ನೀರಿರುವ ಪುಟ್ಟ ಮಕ್ಕಳ ಕೊಳದಲ್ಲಿ, ನೀರು ಬೆಚ್ಚಗಿದ್ದರೆ, ಹತ್ತು ಹದಿನೈದು ನಿಮಿಷ ಆಡಿಸಿ. ತುಟಿ ನೀಲಿಯಾದರೆ, ಮೈ ನಡುಗಿದರೆ ಕೂಡಲೇ ಎತ್ತಿ ಒಣಗಿಸಿ. ಈಜಿನ ಡಯಾಪರ್ ಗಟ್ಟಿ ಮಲವನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ಭೇದಿಯನ್ನು ತಡೆಯುವುದಿಲ್ಲ. ಮಗುವಿಗೆ ಭೇದಿ ಇದ್ದರೆ ನೀರಿಗೆ ಇಳಿಸುವುದು ಬೇರೆಯವರಿಗೂ ಅನ್ಯಾಯ. ಕ್ಲೋರಿನ್ ಹಾಕಿದ್ದಾರಲ್ಲ ಎನ್ನಬೇಡಿ. ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ ಕ್ಲೋರಿನ್ ನೀರಿನಲ್ಲೂ ಒಂದು ವಾರಕ್ಕಿಂತ ಹೆಚ್ಚು ಕಾಲ ಬದುಕಬಲ್ಲದು.

ಪ್ರಶ್ನೆ: ವಿಮಾನದಲ್ಲಿ ಹೋಗುತ್ತೇವೆ. ಏಳು ತಿಂಗಳ ಮಗುವಿಗೆ ಕಿವಿ ನೋಯುತ್ತದಂತೆ, ಮೊದಲೇ ನಿದ್ದೆ ಬರುವ ಸಿರಪ್ ಕೊಡಬಹುದೇ?

ಉತ್ತರ: ಬೇಡ. ನಿದ್ದೆಗೆಂದು ಅಲರ್ಜಿಯ ಸಿರಪ್ ಕೊಡುವುದು ಈ ವಯಸ್ಸಿನಲ್ಲಿ ಅಪಾಯ. ಉಸಿರಾಟ ನಿಧಾನವಾಗಬಹುದು, ಕೆಲವು ಮಕ್ಕಳು ತದ್ವಿರುದ್ಧವಾಗಿ ಇನ್ನಷ್ಟು ಕೆರಳುತ್ತಾರೆ. ವಿಮಾನ ಏರುವಾಗಲೂ, ಮುಖ್ಯವಾಗಿ ಇಳಿಯಲು ಶುರುಮಾಡಿದಾಗಲೂ ಹಾಲು ಕುಡಿಸಿ. ನುಂಗುವಾಗ ಕಿವಿಯ ಒತ್ತಡ ಸರಿಹೋಗುತ್ತದೆ. ಮೂಗು ಕಟ್ಟಿದ್ದರೆ, ಕಿವಿ ಸೋರುತ್ತಿದ್ದರೆ ಹೊರಡುವ ಮೊದಲು ನಿಮ್ಮ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಸಿಸೇರಿಯನ್ ಆಗಿ ಏಳು ವಾರ. ಅಕ್ಕನ ಮಕ್ಕಳೊಂದಿಗೆ ಪಾರ್ಕಿಗೆ ಹೊರಟಿದ್ದೇವೆ. ಕೂಸನ್ನು ಅಮ್ಮನ ಹತ್ತಿರ ಬಿಟ್ಟು ನಾನು ರೋಲರ್ ಕೋಸ್ಟರ್ ಹತ್ತಬಹುದೇ? ನಗಬೇಡಿ, ನನಗೆ ತುಂಬಾ ಆಸೆ.

ಉತ್ತರ: ನಗುವುದಿಲ್ಲ. ಒಂಬತ್ತು ತಿಂಗಳು ಹೊತ್ತು, ಏಳು ವಾರ ನಿದ್ದೆಗೆಟ್ಟವರಿಗೆ ಆಸೆಯಾದರೆ ಅದರಲ್ಲಿ ತಪ್ಪೇನು? ಆದರೆ ನಾನು ಮಕ್ಕಳ ವೈದ್ಯ. ಗಾಯ ಒಳಗೆ ಎಷ್ಟು ಮಾಗಿದೆ ಎಂದು ಹೇಳಬೇಕಾದವರು ನಿಮ್ಮ ಹೆರಿಗೆ ವೈದ್ಯರು. ಹೆರಿಗೆಯ ನಂತರದ ತಪಾಸಣೆಯಲ್ಲಿ "ರೋಲರ್ ಕೋಸ್ಟರ್ ಹತ್ತಲೇ" ಎಂದು ನೇರವಾಗಿ ಕೇಳಿ, "ಓಡಾಡಬಹುದೇ" ಎಂದಷ್ಟೇ ಕೇಳಿ ಬರಬೇಡಿ. ಹೊಟ್ಟೆಯ ಮೇಲೆ ಬಿಗಿಯುವ ಸರಳು ಹೊಲಿಗೆಯ ಜಾಗಕ್ಕೇ ಒತ್ತುತ್ತದೆ. ಕೂಸಿನ ವಿಷಯಕ್ಕೆ ಬಂದರೆ, ಏಳು ವಾರ ಎಂದರೆ ಮೇಲೆ ಹೇಳಿದ ಮೂರು ತಿಂಗಳೊಳಗಿನ ಲೆಕ್ಕಕ್ಕೇ ಬರುತ್ತದೆ. ಅಮ್ಮ ಮತ್ತು ಕೂಸು ಪಾರ್ಕಿನ ಬೆಂಚಿನ ಮೇಲಲ್ಲ, ಕೋಣೆಯಲ್ಲಿ ಇರಲಿ. ನೀವು ಎರಡು ಮೂರು ಗಂಟೆಗೊಮ್ಮೆ ಹಾಲೂಡಿಸಲು ವಾಪಸ್ ಬರಬೇಕಾಗುತ್ತದೆ. ಇಲ್ಲವಾದರೆ ಎದೆ ಗಡುಸಾಗಿ ನೋವು ಶುರುವಾಗುತ್ತದೆ, ಅಂಥ ಎದೆಯಲ್ಲಿ ಕುಲುಕುವ ಗಾಡಿ ಹತ್ತುವುದು ನಿಮಗೇ ಬೇಡವೆನಿಸುತ್ತದೆ.