ಪ್ರತಿ: ಸೊಂಟ ನೋವಿಗೆ ಮ್ಯಾನಿಪ್ಯುಲೇಶನ್, ಎರಡು ಪೇಪರ್ ಎರಡು ಉತ್ತರ, ಯಾವುದನ್ನು ನಂಬಲಿ?

ಒಂದು ವರ್ಷದಿಂದ ಸೊಂಟ ನೋವಿದೆ, ಮ್ಯಾನಿಪ್ಯುಲೇಶನ್ (ಕೈಯಿಂದ ಬೆನ್ನುಮೂಳೆ ಒತ್ತಿ ಕದಲಿಸುವ ಚಿಕಿತ್ಸೆ) ಬಗ್ಗೆ ಓದಿದ ಎರಡು ಸಂಶೋಧನಾ ಪೇಪರ್ ಬೇರೆ ಬೇರೆ ಹೇಳುತ್ತಿವೆ ಅಂತ ಕೇಳಿದ್ದೀರಿ. ಬಹುಶಃ ಎರಡೂ ಪೇಪರ್‌ಗಳ ಹೋಲಿಕೆ ಬೇರೆ ಬೇರೆ ಇದೆ, ಅದಕ್ಕೇ ಒಂದು "ಕೆಲಸ ಮಾಡುತ್ತದೆ", ಇನ್ನೊಂದು "ವ್ಯತ್ಯಾಸವಿಲ್ಲ" ಅನ್ನುತ್ತಿದೆ.

ಮೊದಲು ಹೋಲಿಕೆಯ ಗುಂಪು, ಅಂದರೆ ಮ್ಯಾನಿಪ್ಯುಲೇಶನ್ ಮಾಡದೆ ಹೋಲಿಸಲು ಇಟ್ಟುಕೊಂಡವರನ್ನು ನೋಡಿ. ಅವರಿಗೆ ಏನೂ ಕೊಡಲಿಲ್ಲವೋ, ಹುಸಿ ಚಿಕಿತ್ಸೆ ಕೊಟ್ಟರೋ, ವ್ಯಾಯಾಮ ಮಾಡಿಸಿದರೋ? 2019ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ 47 ಪ್ರಯೋಗಗಳ ವಿಮರ್ಶೆ, ದೀರ್ಘಕಾಲದ ಸೊಂಟ ನೋವಿಗೆ ಮ್ಯಾನಿಪ್ಯುಲೇಶನ್ ಶಿಫಾರಸಿನಲ್ಲಿರುವ ಬೇರೆ ಚಿಕಿತ್ಸೆಗಳಷ್ಟೇ ಉಪಯೋಗ ಅಂತ ಹೇಳಿತು. ಇದೊಂದೇ ಸಾಲನ್ನು ಒಬ್ಬರು "ಕೆಲಸ ಮಾಡುತ್ತದೆ" ಅಂತಲೂ ಇನ್ನೊಬ್ಬರು "ಬೇರೆಯದಕ್ಕಿಂತ ವ್ಯತ್ಯಾಸವಿಲ್ಲ" ಅಂತಲೂ ಓದಬಹುದು, ಅಲ್ವಾ?

ಆಮೇಲೆ ನೋವು ಹೊಸದೋ ಹಳೆಯದೋ ನೋಡಿ. 2017ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಮರ್ಶೆ ಹೊಸ ನೋವಿನದು. 6 ವಾರದೊಳಗೆ 100 ಅಂಕದ ಅಳತೆಯಲ್ಲಿ ಸುಮಾರು 10 ಅಂಕ ಇಳಿಕೆ, ಅಷ್ಟೇ. ನಿಮ್ಮದು ವರ್ಷದಿಂದ ಇರುವ ನೋವು ಅಂದಿದ್ದೀರಿ, ಹಾಗಾಗಿ ಅದನ್ನು ಬದಿಗಿಡಿ.

ಮೂರನೆಯದು ಬ್ಲೈಂಡಿಂಗ್, ಅಂದರೆ ಯಾರಿಗೆ ಯಾವ ಚಿಕಿತ್ಸೆ ಅಂತ ಗೊತ್ತಾಗದಂತೆ ಮರೆಮಾಚುವುದು. ಮಾತ್ರೆಯಲ್ಲಾದರೆ ಮರೆಮಾಚಬಹುದು, ಇಲ್ಲಿ ಬೆನ್ನು ಒತ್ತುವವರಿಗೆ ತಾವೇನು ಮಾಡುತ್ತಿದ್ದೇವೆ ಅಂತ ಗೊತ್ತೇ ಇರುತ್ತದೆ, ಎಷ್ಟೋ ಸಲ ರೋಗಿಗೂ ಗೊತ್ತಾಗಿಬಿಡುತ್ತದೆ, ನೋವಿನ ಅಂಕ ಕೊಡುವವರು ಆ ರೋಗಿಯೇ. ಆದ್ದರಿಂದ ಸಣ್ಣ ಲಾಭ ಕಂಡರೆ ಅದರಲ್ಲಿ ಬೆನ್ನು ಒತ್ತಿದ್ದರ ಪಾಲೆಷ್ಟು, ನಿರೀಕ್ಷೆಯ ಪಾಲೆಷ್ಟು ಅಂತ ಖಚಿತವಾಗಿ ಬಿಡಿಸಿ ಹೇಳುವುದು ಕಷ್ಟ. 'ಪಿ' ಬೆಲೆ (ವ್ಯತ್ಯಾಸವೇ ಇಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಾಧ್ಯತೆ) ಚಿಕ್ಕದಿದೆ ಅಂತ ಸುಮ್ನೆ ಮರುಳಾಗಬೇಡಿ, ಎಷ್ಟು ಅಂಕ ಇಳಿದಿದೆ ನೋಡಿ.

ಈ ಮೂರನ್ನೂ ಎರಡೂ ಪೇಪರ್‌ಗಳ 'ವಿಧಾನ' ಭಾಗದಲ್ಲಿ ಹುಡುಕಿ, ನಿಮ್ಮ ಸ್ಥಿತಿಗೆ ಹತ್ತಿರವಿರುವುದನ್ನು ಇಟ್ಟುಕೊಳ್ಳಿ. ಕಾಲಿನ ಬಲ ಕಡಿಮೆಯಾಗುವುದು, ತೊಡೆಸಂದಿ ಮರಗಟ್ಟುವುದು, ಮೂತ್ರ ಕಟ್ಟುವುದು ಇದ್ದರೆ ಪೇಪರ್ ಬಿಟ್ಟು ತಕ್ಷಣ ಡಾಕ್ಟರ ಹತ್ತಿರ ಹೋಗಿ.